ಎಂಬತ್ತೆರಡು ಕಿಲೋದ ಸ್ಪ್ರಿಂಗ್

ತೂಕ ಕೇಳಿದರೆ ನಾಲ್ಕು ಕಿಲೋ ಕಡಿಮೆ ಹೇಳುವುದು ಲೋಕರೂಢಿ. ನಾನು ಮಾತ್ರ ಈಚೆಗೆ ಜಾಸ್ತಿ ಹೇಳಿದೆ. ಕೇಳಿದವರು ಡಾಕ್ಟರಲ್ಲ, ವಿಮೆಯವರೂ ಅಲ್ಲ. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರಿಗೆ ಸ್ಪ್ರಿಂಗ್ ಮಾಡಿಕೊಡುವವರು. ಓಡಿಸುವವರ ತೂಕ ಎಷ್ಟು ಸಾರ್ ಎಂದರು. ಎಂಬತ್ತೆರಡು ಎಂದುಬಿಟ್ಟೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು.

ಐವತ್ತು ದಾಟಿದವನು ಸ್ಪೋರ್ಟ್ಸ್ ಬೈಕ್ ಹತ್ತಿದರೆ ನೋಡುವವರಿಗೆ ನಗು, ಹತ್ತಿದವನಿಗೆ ಸೊಂಟನೋವು. ನನ್ನ ಹೆಂಡತಿ ಶಶಿಕಲಾ ದಾವಣಗೆರೆಯವಳು, ಮಾತು ಖಡಕ್ಕು. ಒಂದೇ ಒಂದು ಸಲ ಹಿಂದಿನ ಸೀಟಿನಲ್ಲಿ ಕೂತು ಹೂಡಿಯಿಂದ ಬ್ರೂಕ್‌ಫೀಲ್ಡ್‌ವರೆಗೆ ಬಂದಳು. ಇಳಿದವಳೇ, ‘ರೀ, ಇದು ಸೀಟಲ್ಲ, ಶಿಕ್ಷೆ’ ಎಂದು ಆಟೋ ಹಿಡಿದು ಮನೆಗೆ ಹೋದಳು. ಕಂಪನಿಯವರು ಹಾಕಿಕೊಟ್ಟ ಸ್ಪ್ರಿಂಗ್ ಯಾರೋ ಸಪೂರ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನನ್ನ ಭಾರಕ್ಕೆ ಅದು ಕೂತೇಬಿಡುತ್ತಿತ್ತು. ನಮ್ಮ ಹೂಡಿಯ ರಸ್ತೆ ಹಂಪುಗಳೋ, ಯಾರೋ ಹಾಕಿದ್ದಲ್ಲ, ಮಳೆಗೆ ಅಣಬೆ ಎದ್ದ ಹಾಗೆ ತಾವೇ ಎದ್ದವು. ಪ್ರತಿ ಹಂಪಿಗೂ ‘ಧಡ್’ ಎಂದು ಬೆನ್ನುಮೂಳೆಗೆ ಬಡಿಯುತ್ತಿತ್ತು. ‘ಥೂ, ಬಡಕಲು ಮುಂಡೇದೇ’ ಎಂದು ನಾನು ಸ್ಪ್ರಿಂಗನ್ನು ಬೈಯುತ್ತಿದ್ದೆ. ನನ್ನ ತೂಕಕ್ಕೆ ತಕ್ಕದ್ದನ್ನೇ ಹಾಕಿಸಬೇಕು ಎಂದುಕೊಳ್ಳುವಷ್ಟರಲ್ಲಿ ಕಾಯಿಲೆ ಬಂತು.

ಕರುಳಿನ ಕ್ಯಾನ್ಸರ್. ನೆಂಟರೆಲ್ಲ ‘ಆ ಕಾಯಿಲೆ’ ಎನ್ನುತ್ತಾರೆ. ನಾನು ಹೆಸರು ಹಿಡಿದೇ ಕರೆಯುತ್ತೇನೆ, ಅದಕ್ಕೂ ಸ್ವಲ್ಪ ನಾಚಿಕೆಯಾಗಲಿ ಎಂದು. ಕೊಯ್ದರು, ಹೊಲಿದರು, ತಿಂಗಳುಗಟ್ಟಲೆ ಔಷಧಿ ಹರಿಸಿದರು. ಕೊನೆಗೆ ಡಾಕ್ಟರು, ‘ಇನ್ಮೇಲೆ ತೂಕ ನೋಡ್ಕೊಳಿ. ಏರ್ತಾ ಇದ್ರೆ ಸಂತೋಷ. ಏರ್ಲಿಲ್ಲ ಅಂದ್ರೆ ತಡ ಮಾಡ್ದೆ ಬನ್ನಿ’ ಎಂದರು.

ಅಂದಿನಿಂದ ಮನೆಯ ತೂಕದ ಯಂತ್ರವೇ ನನಗೆ ಕುಲದೇವರು. ಕಾಫಿಗೆ ಮುಂಚೆ ಹತ್ತುವುದು, ಕಾಫಿ ಕುಡಿದು ಹತ್ತುವುದು, ಕನ್ನಡಕ ತೆಗೆದರೆ ವ್ಯತ್ಯಾಸವಾದೀತೇ ಎಂದು ನೋಡುವುದು. ಶಶಿಗೆ ರೇಗಿತು. ‘ಊಟ ನೋಡ್ರಿ, ಮುಳ್ಳು ನೋಡ್ಬೇಡ್ರಿ’ ಎಂದವಳು ಅದನ್ನು ಎಲ್ಲಿಗೋ ಸಾಗಿಸಿಬಿಟ್ಟಳು. ಯಂತ್ರ ಹೋದ ಮೇಲೆ ನನ್ನ ತೂಕ ಮನಸ್ಸಿಗೆ ಬಂದಷ್ಟಾಯಿತು. ಕನ್ನಡಿಯಲ್ಲಿ ಕೆನ್ನೆ ತುಂಬಿಕೊಂಡ ಹಾಗೆ ಕಾಣತೊಡಗಿತು. ಆ ಹುಮ್ಮಸ್ಸಿನಲ್ಲೇ ಸ್ಪ್ರಿಂಗಿನವರಿಗೆ ಫೋನ್ ಮಾಡಿದ್ದು. ಎಂಬತ್ತೆರಡು ಎಂದದ್ದು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಹರಕೆ ಹೊತ್ತವರು ದೇವರಿಗೆ ಮುಂಗಡ ಮಾತು ಕೊಡುವುದಿಲ್ಲವೇ, ಹಾಗೆ.

ಸ್ಪ್ರಿಂಗ್ ಬಂತು. ಪೀಣ್ಯದಲ್ಲಿ ಗಿರೀಶ ಎಂಬವನ ಶೆಡ್ಡಿದೆ. ಎಂಜಿನಿಯರ್ ಕೆಲಸ ಬಿಟ್ಟು ಬೈಕು ಬಿಚ್ಚುವುದಕ್ಕೆ ಕೂತವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಾಯಿಲೆ ಬಂದಾಗಿನಿಂದ ಶಶಿ ನನ್ನನ್ನು ಒಂಟಿಯಾಗಿ ಎಲ್ಲಿಗೂ ಬಿಡುವುದಿಲ್ಲ. ಆದರೆ ಆ ಶಿಕ್ಷೆಯ ಮೇಲೆ ಕೂರುವುದೂ ಇಲ್ಲ. ಹಾಗಾಗಿ ನಾನು ಬೈಕಿನಲ್ಲಿ, ಅವಳು ಮೆಟ್ರೋದಲ್ಲಿ. ಹೆಬ್ಬಾಳದ ಜಾಮ್ ದಾಟಿ ನಾನು ತಲುಪುವಷ್ಟರಲ್ಲಿ ಗಿರೀಶನ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಮುಗಿಸಿದ್ದಳು.

ಸ್ಪ್ರಿಂಗ್ ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ. ಹೆಲ್ಮೆಟ್, ಜಾಕೆಟ್, ಬೂಟು ಸಮೇತ ಹತ್ತಿ ಕೂರಬೇಕು. ಬೈಕಿನ ಹಿಂಭಾಗ ಎಷ್ಟು ತಗ್ಗಿತು ಎಂದು ಟೇಪು ಹಿಡಿದು ಅಳೆಯಬೇಕು. ಪೂರ್ತಿ ಕುಸಿದರೆ ಮೆದು, ತಗ್ಗಲೇ ಇಲ್ಲವೆಂದರೆ ಗಟ್ಟಿ. ಭಾರ ಬಿದ್ದಾಗ ಒಂದಿಷ್ಟು ತಗ್ಗಲೇಬೇಕು, ಆಗಲೇ ಗುಂಡಿ ಬಂದರೆ ಚಕ್ರ ಕೆಳಗಿಳಿದು ನೆಲ ಹಿಡಿಯಲು ಅವಕಾಶ. ಸ್ಪ್ರಿಂಗಿನ ತಲೆಯ ಮೇಲೊಂದು ತಿರುಗಿಸುವ ಬಳೆಯಿರುತ್ತದೆ. ಅದನ್ನು ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂದು ಬಹಳ ಜನ ನಂಬಿದ್ದಾರೆ. ಇಲ್ಲ. ಬೈಕು ಸ್ವಲ್ಪ ಎತ್ತರವಾಗಿ ನಿಲ್ಲುತ್ತದೆ, ಸ್ಪ್ರಿಂಗಿನ ಗುಣ ಇದ್ದಷ್ಟೇ ಇರುತ್ತದೆ. ರೋಗಿಯ ಮನೆಗೆ ಸೇಬುಹಣ್ಣು ತಂದು ‘ಧೈರ್ಯವಾಗಿರಿ’ ಎನ್ನುವವರು ತಿರುಗಿಸುವುದು ಈ ಬಳೆಯನ್ನೇ. ಅವರು ಇರುವಷ್ಟು ಹೊತ್ತು ನಾನೂ ಎತ್ತರವಾಗಿ ಕೂತಿರುತ್ತೇನೆ, ಪಾಪ, ಅಷ್ಟು ದೂರದಿಂದ ಬಂದಿರುತ್ತಾರೆ.

ನಾನು ಹತ್ತಿ ಕೂತೆ. ಗಿರೀಶ ಟೇಪು ಹಿಡಿದ. ‘ಸಾರ್, ಪೂರ್ತಿ ಭಾರ ಬಿಡಿ. ಕಾಲ್ ಮೇಲೆ ನಿಂತ್ಕೊಂಡಿದೀರ.’

‘ನಿಂತಿಲ್ಲಪ್ಪ. ಇರೋದೇ ಇಷ್ಟು.’

ಅವನು ಬಳೆ ಸಡಿಲಿಸಿದ, ಮತ್ತೆ ಅಳೆದ. ಸ್ಪ್ರಿಂಗ್ ಬರಿಗೈಯಲ್ಲಿ ತಿರುಗುವಷ್ಟು ಸಡಿಲವಾಯಿತು. ಆದರೂ ನಾನು ಕೂತರೆ ಬೈಕಿಗೆ ಯಾರೋ ಕೂತರೆಂಬ ಪರಿವೆಯೇ ಇಲ್ಲ. ‘ಯಾರ್ದೋ ಸ್ಪ್ರಿಂಗ್ ಕಳ್ಸಿದಾರೆ ಸಾರ್, ಕರ್ಮ! ಸಕ್ಕತ್ ಗಟ್ಟಿ ಇದು. ನೀವು ತೂಕ ಎಷ್ಟು ಅಂತ ಹೇಳಿದ್ರಿ?’

‘ಎಂಬತ್ತೆರಡು.’

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಶಶಿಯನ್ನು ನೋಡಿದ. ಟೇಪನ್ನು ಸುತ್ತಿ ಜೇಬಿಗೆ ಹಾಕಿದ. ಬಳಿಕ ಒಳ್ಳೆಯ ಮನಸ್ಸಿನಿಂದಲೇ, ‘ಎದುರುಗಡೆ ಗುಜರಿ ಅಂಗಡೀಲಿ ದೊಡ್ಡ ತಕ್ಕಡಿ ಇದೆ ಸಾರ್. ಒಂದ್ಸಲ ನಿಂತ್ಬಿಡಿ, ಗೊತ್ತಾಗೋಗುತ್ತೆ’ ಎಂದ.

ರಸ್ತೆಯಾಚೆ ಆ ತಕ್ಕಡಿಯ ಮೇಲೆ ಸುಟ್ಟ ಮೋಟಾರುಗಳನ್ನು ಪೇರಿಸುತ್ತಿದ್ದರು. ನನಗೆ ಭಯವಾಯಿತು. ಆಪರೇಷನ್ ಕೋಣೆಯೊಳಗೆ ತಳ್ಳಿಕೊಂಡು ಹೋದಾಗಲೂ ಅಷ್ಟು ಭಯವಾಗಿರಲಿಲ್ಲ. ಕೆನ್ನೆ ತುಂಬಿದ್ದೆಲ್ಲ ಕನ್ನಡಿಯ ದಾಕ್ಷಿಣ್ಯ ಎಂದು ಆ ಸೀಟಿನ ಮೇಲೆ ಕೂತೇ ಗೊತ್ತಾಗಿಹೋಗಿತ್ತು. ಶಶಿ ಎದ್ದುಬಂದಳು.

‘ಏನೂ ಬೇಡ. ನಾನೇನು ಇವ್ರನ್ನ ಗುಜರಿಗೆ ಹಾಕಾಕೆ ಕರ್ಕೊಂಡು ಬಂದೀನಾ? ಹಳೇದು ಐತಲ್ಲ, ಅದನ್ನೇ ಹಾಕ್ರಿ.’ ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ ಮೆಲ್ಲಗೆ, ‘ಸೋಮವಾರ ಆಸ್ಪತ್ರೆಗೆ ಹೋಗಿ ಬರಾಣ’ ಎಂದಳು. ನಾನು ತಲೆಯಾಡಿಸಿದೆ. ಇಬ್ಬರಿಗೂ ಗೊತ್ತಿದ್ದದ್ದನ್ನು ಇಬ್ಬರೂ ಇಷ್ಟು ದಿನ ಬಚ್ಚಿಟ್ಟಿದ್ದೆವು.

ಹಳೆಯ ಸ್ಪ್ರಿಂಗ್ ಹಾಕಿ ಅಳೆದರೆ, ಎಷ್ಟು ತಗ್ಗಬೇಕೋ ಕರೆಕ್ಟಾಗಿ ಅಷ್ಟೇ ತಗ್ಗಿತು. ಹೇಳಿ ಮಾಡಿಸಿದ ಹಾಗೆ. ಗಿರೀಶನಿಗೆ ಖುಷಿಯಾಯಿತು. ‘ಹೊಸದನ್ನ ಮಾರ್ಸಿಕೊಡ್ತೀನಿ ಬಿಡಿ ಸಾರ್. ದಪ್ಪ ಗಿರಾಕಿಗಳು ಬೇಕಾದಷ್ಟಿದಾರೆ.’ ಆಯಿತೆಂದು ನಾನು ಹೇಳುವ ಮೊದಲೇ ಶಶಿ ಅದನ್ನೆತ್ತಿ ತನ್ನ ಬ್ಯಾಗಿಗೆ ತುರುಕಿದಳು.

‘ಮಾರಾದೇನೂ ಬೇಡ. ಮನ್ಯಾಗ ಇರ್ಲಿ. ಬೇಕಾಗತೈತಿ.’

ವಾಪಸು ಬರುವಾಗ ಹೂಡಿಯ ಹಂಪುಗಳು ಬಂದವು. ಧಡ್ ಎನ್ನಲಿಲ್ಲ. ಬೈಕು ನೀರಿನ ಮೇಲೆ ಹೋದಂತೆ ಹೋಯಿತು. ಇಷ್ಟು ವರ್ಷ ನಾನು ಬೈದ ಬಡಕಲು ಸ್ಪ್ರಿಂಗ್ ನನ್ನನ್ನು ಇಷ್ಟು ಹಿತವಾಗಿ ಹೊತ್ತದ್ದು ಅದೇ ಮೊದಲು. ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ.

ಶಶಿ ನನಗಿಂತ ಮೊದಲೇ ಮನೆ ಸೇರಿದ್ದಳು. ಮೆಟ್ರೋದ ತಪಾಸಣೆಯಲ್ಲಿ ಬ್ಯಾಗು ತೆಗೆಸಿದರಂತೆ. ‘ಏನ್ ಮೇಡಂ ಇದು, ಇಷ್ಟು ಭಾರ?’ ಎಂದು ಕೇಳಿದ್ದಕ್ಕೆ ಇವಳು, ‘ನಮ್ಮನೆಯವ್ರ ತೂಕಕ್ಕೆ ಮಾಡ್ಸಿದ್ದು’ ಎಂದಳಂತೆ. ಅವರಿಗೆ ಏನು ಅರ್ಥವಾಯಿತೋ, ಬಿಟ್ಟರಂತೆ.

ಆಸ್ಪತ್ರೆಯಲ್ಲಿ ಮತ್ತೆ ಒಳಗೆಲ್ಲ ನೋಡುತ್ತಿದ್ದಾರೆ. ಇನ್ನೂ ಏನೂ ಹೇಳಿಲ್ಲ. ಸ್ಪ್ರಿಂಗ್ ಹಳೇ ಟವೆಲ್ಲಿನಲ್ಲಿ ಸುತ್ತಿಸಿಕೊಂಡು ಅಟ್ಟದ ಮೇಲೆ ಕೂತಿದೆ. ಅದನ್ನಿಡಲು ಹತ್ತಿದಾಗ ಅಲ್ಲಿ ನನ್ನ ಹಳೆಯ ಪ್ಯಾಂಟುಗಳೂ ಕಂಡವು. ಒಂದನ್ನೂ ಅವಳು ಟೈಲರಿಗೆ ಕೊಟ್ಟು ಸಣ್ಣ ಮಾಡಿಸಿಲ್ಲ. ಊಟಕ್ಕೆ ಕೂತಾಗ ಎರಡನೇ ರೊಟ್ಟಿಗೆ ಕೈ ಅಡ್ಡ ಹಿಡಿದರೆ ಅವಳು ಅಟ್ಟದ ಕಡೆ ಗದ್ದ ಎತ್ತಿ ತೋರಿಸುತ್ತಾಳೆ.

‘ತಿನ್ರಿ. ಅದು ನಿಮ್ಮನ್ನ ಕಾಯಾಕತ್ತೈತಿ.’

ಹಸಿವೇನೂ ಇರುವುದಿಲ್ಲ. ಕೈ ತೆಗೆಯುತ್ತೇನೆ.