ಗುರುಮಲ್ಲಪ್ಪ ಮಾವನ ಎದೆಯೊಳಗಿನ ನೆರಳು

ಗುರುಮಲ್ಲಪ್ಪ ಮಾವ ಅಂಗಿಯ ಮೇಲಿನ ಗುಂಡಿ ಹಾಕಿದ್ದನ್ನು ನಾನು ನೋಡಿಲ್ಲ. ತೆರೆದ ಎದೆಯ ನಟ್ಟನಡುವೆ ಲಿಂಗದ ಬೆಳ್ಳಿ ಕರಡಿಗೆ ಹೊಳೆಯುತ್ತಿತ್ತು. ತೆರಕಣಾಂಬಿಯ ದನದ ಸಂತೆಯಲ್ಲಿ ಮಾವನ ಮನಸ್ಸು ತಿಳಿಯಲೆಂದು ಯಾರಾದರೂ ಮುಖ ನೋಡಿದರೆ, ಕಣ್ಣು ತಾನಾಗಿ ಕರಡಿಗೆಗೆ ಜಾರುತ್ತಿತ್ತು. ಅಷ್ಟರಲ್ಲಿ ವ್ಯಾಪಾರ ಮುಗಿದಿರುತ್ತಿತ್ತು.

ಭೀಮನಬೀಡಿನವರು, ದನದ ದಲ್ಲಾಳಿ. ರಕ್ತಸಂಬಂಧವಲ್ಲ, ಊರಿನ ವರಸೆಯಲ್ಲಿ ಮಾವ. ಗುಂಡ್ಲುಪೇಟೆಯಲ್ಲಿ ಬಾಳೆಗೊನೆ ಹೊರುತ್ತಿದ್ದ ನನ್ನನ್ನು ತಾವಾಗಿ ಕರೆದು ವ್ಯಾಪಾರ ಕಲಿಸಿದರು. "ಬಾಯ್ ನೋಡ್ಬ್ಯಾಡ ಕಣ್ಲಾ ಸಿದ್ದ, ನಡಿಗೆ ನೋಡು" ಎನ್ನುತ್ತಿದ್ದರು. ಎತ್ತಿನ ಹಲ್ಲಿಗೂ ಅದೇ ಮಾತು, ಮಾರುವವನ ನಾಲಗೆಗೂ ಅದೇ. ಆ ಒಂದು ಮಾತು ಹಿಡಿದು ಕೇರಳದ ಲಾರಿಯವರ ಜೊತೆ ಹೆಣಗಾಡಿ ನಾನು ಸ್ವಂತ ಬಾಳೆಕಾಯಿ ಮಂಡಿ ಹಾಕಿದೆ. ಹೊಸದಾಗಿ ವ್ಯಾಪಾರಕ್ಕಿಳಿಯುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ಅವರು ಕೇಳದಿದ್ದರೂ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಮಾವನಿಗೆ ಕೆಮ್ಮು ಹಿಡಿಯಿತು. ಚಾಮರಾಜನಗರದಲ್ಲಿ ಎಕ್ಸ್‌ರೇ ತೆಗೆಯುವವನು ಕರಡಿಗೆ ಬಿಚ್ಚಿ ಎಂದ. "ಉಸ್ರು ಓದ್ ಮ್ಯಾಲೂ ಇದು ನನ್ ಜೊತೆನೆಯ. ನಿನ್ ಮಿಸನ್ನಿಗೋಸ್ಕರ ಬಿಚ್ಚನೆ?" ಎಂದರು ಮಾವ. ಅವನು ಕೈಮುಗಿದು ಹಾಗೇ ತೆಗೆದ. ಫಿಲ್ಮಿನಲ್ಲಿ ಎದೆಯ ನಡುವೆ ಬೆಳ್ಳಗೆ ಒಂದು ಗುಂಡಗಿನ ನೆರಳು. ಕರಡಿಗೆಯದು ಎಂದರು ನೋಡಿದ ಡಾಕ್ಟರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು.

ಕೆಲವು ತಿಂಗಳಲ್ಲಿ ಮಾವ ಅಂಗಾತ ಮಲಗಲಾರದಂತಾದರು. ಮಲಗಿದರೆ ಯಾರೋ ಎದೆಯ ಮೇಲೆ ಕೂತ ಹಾಗಾಗುತ್ತದೆ ಎಂದು ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದರು. ನಾನು ಚಾಮರಾಜನಗರದ ಇನ್ನೊಬ್ಬ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ಆ ಡಾಕ್ಟರಮ್ಮ ಹಳೆಯ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ಮಾವನ ಎದೆ ನೋಡಿದರು.

"ಕರಡಿಗೆ ಇಷ್ಟೇ ಇದೆ. ನೆರಳು ಯಾಕೆ ಇಷ್ಟು ದೊಡ್ಡದು?" ಎಂದವರು, "ಪೂಜೆ ಮಾಡುವಾಗ ಲಿಂಗ ಎಲ್ಲಿಟ್ಟುಕೊಳ್ಳುತ್ತೀರಿ?" ಎಂದು ಕೇಳಿದರು.

"ಎಡಗೈ ಮ್ಯಾಲೆ ಕಣವ್ವ."

"ಹಾಗಾದರೆ ಈಗಲೂ ಕೈಯಲ್ಲೇ ಹಿಡಿದು ನಿಂತುಕೊಳ್ಳಿ. ಬಿಚ್ಚಿದ ಹಾಗಾಗಲಿಲ್ಲವಲ್ಲ."

ಮಾವ ಒಪ್ಪಿ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತರು. ಹೊಸ ಫಿಲ್ಮ್ ಬಂತು. ಕರಡಿಗೆ ಅವರ ಕೈಯಲ್ಲಿತ್ತು, ನೆರಳು ಎದೆಯಲ್ಲೇ ಇತ್ತು. ಮಾವ ಅದನ್ನು ಬಹಳ ಹೊತ್ತು ನೋಡಿ, "ನಂಗ್ ಗೊತ್ತಿಲ್ದಂಗೆ ಒಳ್ಗಡೆ ಇನ್ನೊಂದ್ ಯಾರವ್ವ ಕಟ್ದೋರು?" ಎಂದರು.

ಮೈಸೂರಿನಲ್ಲಿ ಸ್ಕ್ಯಾನ್ ಆಯಿತು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಒಂದು ಗ್ರಂಥಿ ಇರುತ್ತದಂತೆ. ಮಕ್ಕಳಲ್ಲಿ ದಪ್ಪಗಿದ್ದು, ದೊಡ್ಡವರಾದ ಮೇಲೆ ಕರಗುತ್ತಾ ಬರುತ್ತದಂತೆ. ಮಾವನದರಲ್ಲಿ ನೀರಿನ ಚೀಲವೊಂದು ಬೆಳೆದು ಉಸಿರಿನ ಕೊಳವೆಯನ್ನು ಅದುಮುತ್ತಿತ್ತು. ತೀರಾ ಅಪರೂಪ ಎಂದರು ಸರ್ಜನ್. ಬರೀ ನೀರೇ ಇರಬಹುದು, ಚೀಲದ ಗೋಡೆಯಲ್ಲಿ ಕ್ಯಾನ್ಸರ್ ಅಡಗಿರಲೂಬಹುದು, ತೆಗೆದು ನೋಡದೆ ಹೇಳಲಾಗದು ಎಂದರು.

ನಾನು ಚೌಕಾಸಿಗಿಳಿದೆ. ಮಾತ್ರೆಯಲ್ಲಿ ಕರಗಿಸಬಹುದೇ? ಸೂಜಿ ಹಾಕಿ ನೀರು ತೆಗೆದರೆ? ಸ್ವಲ್ಪ ದಿನ ಕಾದರೆ?

"ಸೂಜಿ ಹಾಕಿದರೆ ನೀರು ಹೋಗುತ್ತದೆ, ಚೀಲ ಉಳಿಯುತ್ತದೆ. ಮತ್ತೆ ತುಂಬಿಕೊಳ್ಳಬಹುದು. ಸಣ್ಣದಾಗಿ ತೊಂದರೆ ಕೊಡದೆ ಇದ್ದಿದ್ದರೆ ಕಾದು ನೋಡಿ ಎಂದು ನಾನೇ ಹೇಳುತ್ತಿದ್ದೆ" ಎಂದರು ಸರ್ಜನ್. ಎದೆಮೂಳೆಯನ್ನು ಉದ್ದಕ್ಕೂ ಸೀಳಿ, ಆಮೇಲೆ ತಂತಿಯಲ್ಲಿ ಹೊಲಿಯಬೇಕು ಎಂದರು. ನಾನು ಮತ್ತೆ ಮಾತ್ರೆಯ ಮಾತೆತ್ತಿದೆ.

ಮಾವ ನನ್ನ ತೋಳು ಹಿಡಿದರು. "ಸುಮ್ಕಿರ್ಲಾ. ಅವ್ರು ನಿನ್ ಬಾಳೆಕಾಯಿ ಲಾರಿಯೋರಲ್ಲ. ಕತ್ಲಲ್ಲಿ ನಿಂತಿರೋ ಎತ್ತ ಬೆಳಕಿಗ್ ತರ್ದೆ ಯಂಗ್ ಯೋಳಾರು? ತಗೀಲಿ."

ಆಪರೇಷನ್ ದಿನ ಬೆಳಿಗ್ಗೆ ಅತ್ತೆಯನ್ನು ಕಾಫಿಗೆ ಕಳಿಸಿ ನನ್ನನ್ನು ಮಂಚದ ಹತ್ತಿರ ಕರೆದರು.

"ನಾನ್ ವಾಪಸ್ ಬತ್ತೀನೋ ಇಲ್ವೋ. ಒಂದ್ ಮಾತು ಅದೆ. ನಿಮ್ಮಪ್ಪ ಎತ್ತು ಮಾರ್ದಾಗ, ಎಡಗಡೇದು ಕುಂಟು ಅಂತ ಸಂತೇಲಿ ಸುದ್ದಿ ಎಬ್ಬುಸ್ದೋನು ನಾನೆ ಕಣ್ಲಾ. ಅದು ಕುಂಟಲ್ಲ. ಗೊರಸಿನ ಸಂದಿಲಿ ಕಲ್ಲು ಸಿಕ್ಕಂಡಿತ್ತು. ನಾನ್ ನೋಡಿದ್ದೆ. ಕಿತ್ತಾಕಿದ್ರೆ ಸರಿಯಾಗ್ತಿತ್ತು. ಯೋಳ್ನಿಲ್ಲ. ಅರ್ಧ ಬೆಲೆಗ್ ಓಯ್ತು. ತಗಂಡೋನ್ ಕಡೆ ದಲ್ಲಾಳಿ ನಾನೆಯ."

ಆ ಜೋಡಿ ಹೋದ ಮೇಲೆ, ಬಂದ ದುಡ್ಡಿಗೆ ಇನ್ನೊಂದು ಜೋಡಿ ಸಿಗದೆ ನಮ್ಮ ಉಳುಮೆ ನಿಂತಿತು. ಹೊಲ ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ವಾರಕ್ಕೆ ಹೋಯಿತು. ನಾನು ಶಾಲೆ ಬಿಟ್ಟು ಗೊನೆ ಹೊತ್ತೆ. ಎತ್ತಿನ ಕಾಲು ನೋಡಿಕೊಳ್ಳಲಾರದವನು ಎಂದು ಅಪ್ಪ ಕಡೆಯವರೆಗೂ ಮನೆಯಲ್ಲಿ ಬೈಗುಳ ತಿಂದ. ಅವನೂ ಅದನ್ನು ನಂಬಿಕೊಂಡೇ ಸತ್ತ.

"ಅದ್ಕೆ ನಿನ್ ಕರ್ದು ಯಾಪಾರ ಕಲ್ಸ್ದೆ" ಎಂದರು ಮಾವ. ಅಷ್ಟರಲ್ಲಿ ತಳ್ಳುಗಾಡಿ ಬಂತು.

ಹೊರಗೆ ಬೆಂಚಿನ ಮೇಲೆ ಅತ್ತೆ "ಯಾಕ್ಲಾ ಮಗ, ಇಂಗ್ ಬೆವ್ರ್ತಿದ್ದೀಯೆ?" ಎಂದು ಸೆರಗಿನಲ್ಲಿ ಗಾಳಿ ಹಾಕಿದರು. ಮಾವ ಬದುಕಲಿ ಎಂದು ಬೇಡುತ್ತಿದ್ದೆ. ಬದುಕಿದರೆ ಅವರ ಮುಖ ನೋಡುವುದು ಹೇಗೆಂದೂ ಯೋಚಿಸುತ್ತಿದ್ದೆ.

ಬದುಕಿದರು. ಸರ್ಜನ್ ಸ್ಟೀಲ್ ಬೇಸಿನ್ನಿನಲ್ಲಿ ಚೀಲ ತಂದು ತೋರಿಸಿದರು. ತೆಳ್ಳನೆಯ ಗೋಡೆ, ಒಳಗೆ ಕಂದು ನೀರು. ಪರೀಕ್ಷೆಯ ವರದಿಯೂ ಬಂತು. ಕ್ಯಾನ್ಸರ್ ಇರಲಿಲ್ಲ. "ನೀರಿಗೋಸ್ಕರ ಎದೆ ಕುಯ್ಸ್ಕಂಡ್ನಲ್ಲ" ಎಂದು ಮಾವ ವಾರ್ಡಿನವರನ್ನೆಲ್ಲ ನಗಿಸಿದರು. ನನ್ನ ಕಡೆ ಮಾತ್ರ ತಿರುಗಲಿಲ್ಲ.

ಅಂದಿನಿಂದ ನನ್ನ ಮಂಡಿಗೆ ಬರುವುದನ್ನು ಬಿಟ್ಟರು. ನಾನೂ ಭೀಮನಬೀಡಿನ ಕಡೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಚಾಮರಾಜನಗರದಿಂದ ತಪಾಸಣೆ ಮುಗಿಸಿ ಬಂದಿದ್ದರು. ಕಂಕುಳಲ್ಲಿ ಫಿಲ್ಮಿನ ಕವರು.

"ಡಾಕ್ಟ್ರಮ್ಮ ಒಳ್ಗಡೆ ಏನೂ ಉಳ್ದಿಲ್ಲ ಅಂದ್ರು" ಎಂದರು. ಸ್ವಲ್ಪ ತಡೆದು, "ನೀನೇನಂದೀಯೆ?" ಎಂದು ಕೇಳಿದರು.

"ನಿಮ್ದು ತಗುದ್ರು ಮಾವ" ಎಂದೆ. "ನಂದು ಇನ್ನೂ ಒಳ್ಗೇ ಅದೆ."

ಅವರಿಗೆ ಕೋಪ ಬರಲಿಲ್ಲ. ನ್ಯಾಯವಾದ ಬೆಲೆ ಕೇಳಿದವರಂತೆ ತಲೆಯಾಡಿಸಿದರು. "ಸರಿ. ಅದ್ ಕರಗೋ ಗಂಟ ನಾನ್ ಇರ್ತೀನಿ ಬುಡು" ಎಂದು ತಮ್ಮ ಬಸ್ಸು ಹತ್ತಿದರು.

ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹರದನಹಳ್ಳಿಯ ಅವರ ಅಳಿಯ ಮಂಡಿಗೆ ಬಂದ. ಬೆಳಿಗ್ಗೆ ಎಬ್ಬಿಸಲು ಹೋದರೆ ಮಾವ ಏಳಲಿಲ್ಲವಂತೆ. ಅಂಗಾತವಾಗಿ, ಆರಾಮಾಗಿ ಮಲಗಿದ್ದರಂತೆ. ನಾನು ಗೊನೆಗಳ ಮುಂದೆ ನಿಂತಿದ್ದೆ. ಲಾರಿಯವನು ಏನೋ ಒಂದು ಬೆಲೆ ಹೇಳಿದ. ಹೂಂ ಅಂದುಬಿಟ್ಟೆ.