ಬಾವಿ ಪಕ್ಕದ ಮರಕ್ಕೆ ಕೆಂಪು ಪಟ್ಟಿ

ಬೆಳಿಗ್ಗೆ ಆರಕ್ಕೆ ಸರಿಯಾಗಿ ನನ್ನ ಕೈಗೆ ಒಂದು ಲೋಟ ಎಳನೀರು ಬರುತ್ತದೆ. ಅದು ಎಲ್ಲಿಂದ ಬಂತೆಂದು ವಿಚಾರಿಸುವುದು ಸೂರ್ಯನ ಹಾಜರಿ ಕೂಗಿದಷ್ಟೇ ಅನಗತ್ಯವೆಂದು ನಾನು ಭಾವಿಸಿದ್ದೆ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ, ಮಕ್ಕಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ ನಿವೃತ್ತನಾದ ಮೇಲೆ ನನ್ನ ಶಿಸ್ತಿಗೆ ಸಿಕ್ಕವು ಹೊನ್ನವಳ್ಳಿಯ ನಮ್ಮ ತೆಂಗಿನ ಮರಗಳು. ಮಕ್ಕಳಿಗಿಂತ ಅವೇ ವಾಸಿ, ಸಾಲಿನಲ್ಲಿ ಪಿಸುಗುಟ್ಟುವುದಿಲ್ಲ.

ತಿಪಟೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಸೊಸೆ ಸುಧಾ, ಮರಮರಕ್ಕೂ ನಂಬರು ಕೊಟ್ಟು, ಕಿತ್ತ ಕಾಯಿ ಎಳನೀರಿಗೋ ಕೊಬ್ಬರಿಗೋ ಎಂಬ ವಿವರ ಸಮೇತ ಡೇಟಾಬೇಸಿಗೆ ಏರಿಸಿದ್ದಳು. ಹೊಸ ಸಸಿಗಳಿಗೆ ಜಾಗ ಬೇಕಿತ್ತು. ಸೋಮಾರಿ ಮರಗಳನ್ನು ಕಡಿಸಲು ನಿಶ್ಚಯಿಸಿದೆ. ಅವನ್ನು ಹುಡುಕಿಕೊಡುವ ಎಸ್‌ಕ್ಯೂಎಲ್ ಎಂಬ ಭಾಷೆ ನನಗೆ ಕಂಡೊಡನೆ ಹಿಡಿಸಿತು: ಅದರಲ್ಲಿ ಎಲ್ಲವೂ ಆಜ್ಞೆ, ಎದುರುತ್ತರವೇ ಇಲ್ಲ. 'ವೇರ್' ಎಂದರೆ ಬೇಡದ ದಾಖಲೆಗಳು ಬಾಗಿಲಲ್ಲೇ ನಿಲ್ಲುತ್ತವೆ. 'ಗ್ರೂಪ್ ಬೈ' ಎಂದರೆ ಒಳಬಂದವು ಗುಂಪಾಗುತ್ತವೆ. 'ಹ್ಯಾವಿಂಗ್' ಎಂದರೆ ಮೊತ್ತ ಸಾಲದ ಗುಂಪುಗಳು ಹೊರಬೀಳುತ್ತವೆ.

"ವೇರ್‌ನಲ್ಲಿ ಕೊಬ್ಬರಿ ಅಂತ ಹಾಕು. ಮರಕ್ಕೊಂದು ಗುಂಪು ಮಾಡು. ಒಳ್ಳೆ ಮೊತ್ತ ಇರೋ ಮರ ಮಾತ್ರ ಉಳೀಲಿ" ಎಂದೆ.

"ಮಾವ, ಬಾಗಿಲಲ್ಲೇ ನಿಂತಿದ್ದು ಆಮೇಲೆ ಗುಂಪಿಗೇ ಬರಲ್ಲ. ಒಂದ್ಸಲ ಯೋಚ್ನೆ ಮಾಡಿ."

"ಯೋಚ್ನೆ ಮಾಡೋಕೆ ಕಂಪ್ಯೂಟರ್ ಇಲ್ವೇನಮ್ಮ?"

ಫಲಿತಾಂಶದಲ್ಲಿ ಕಾಣದ ಮರಗಳಿಗೆಲ್ಲ ನಾನೇ ಕೆಂಪು ಬಣ್ಣದ ಪಟ್ಟಿ ಬಳಿದೆ. ಕೊನೆಯದು ಬಾವಿ ಪಕ್ಕದ ಗಿಡ್ಡ ಮರ. ಮರ ಕಡಿಯುವ ರಂಗಣ್ಣ ಅದರಿಂದಲೇ ಶುರುಮಾಡಲು ಹಗ್ಗ ಎಸೆದಾಗ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ಏನ್ರೀ ಇದು! ದಿನಾ ಕುಡಿಯೋ ಎಳನೀರು ಯಾವ ಮರದ್ದು ಅನ್ಕೊಂಡಿದ್ರಿ? ಎಳೇದ್ರಲ್ಲೇ ಕಿತ್ಕೊಂಡ್ರೆ ಅದು ಕೊಬ್ಬರಿ ಎಲ್ಲಿಂದ ತಂದ್ಕೊಡುತ್ತೆ?"

"ಬುಡಿ ಅಮ್ಮಾರೆ, ಕಂಪ್ಯೂಟ್ರೇ ಹೇಳೈತಂತೆ" ಎಂದ ರಂಗಣ್ಣ.

"ಕೊಬ್ಬರಿ ಕೊಡ್ದಿರೋರ್ನೆಲ್ಲ ಕಡಿಯೋದಾದ್ರೆ ಮೊದ್ಲು ಇವ್ರಿಗೇ ಬಣ್ಣ ಬಳೀಬೇಕು ಕಣಪ್ಪ!"

ರಂಗಣ್ಣ ನಗುತ್ತಲೇ ಹಗ್ಗ ಬಿಗಿದು ಕೊಡಲಿ ಎತ್ತಿದ. ಜೀವಮಾನವೆಲ್ಲ ಮಕ್ಕಳಿಗೆ 'ನಿಲ್' ಎಂದು ಕೂಗಿದವನು ಓಡಿಹೋಗಿ ಮರಕ್ಕೆ ಬೆನ್ನುಕೊಟ್ಟು ನಾನೇ ನಿಂತುಬಿಟ್ಟೆ.

ಕಂಪ್ಯೂಟರಿನದೇನೂ ತಪ್ಪಿಲ್ಲ, ಓದುಗರೇ, ಕೇಳಿದ್ದಕ್ಕಷ್ಟೇ ಉತ್ತರಿಸಿತು. ಬಾಗಿಲಲ್ಲಿ ಯಾರನ್ನು ನಿಲ್ಲಿಸಿದಿರೆಂದು ನಿಮಗೆ ನೆನಪಿಸುವುದು ಅದರ ಕೆಲಸವಲ್ಲ, ಅದಕ್ಕೆ ಹೆಂಡತಿ ಬೇಕು.

ಮರ ಉಳಿಯಿತು. ಈಗಲೂ ಎಳನೀರು ಆರಕ್ಕೇ ಸಿಗುತ್ತದೆ, ಆದರೆ ಲೋಟ ಹಿಡಿದು ಬಾವಿಯ ಬಳಿಗೆ ನಾನೇ ಹೋಗಬೇಕು. ಅಂದು ಅಂಗಿಯ ಬೆನ್ನಿಗೆ ಅಂಟಿದ ಹಸಿ ಬಣ್ಣ ಎಷ್ಟು ಒಗೆದರೂ ಹೋಗಿಲ್ಲ. ತೋಟಕ್ಕೆ ಅದೇ ಅಂಗಿ ಎಂಬುದು ಹೆಂಡತಿಯ ಆಜ್ಞೆ, ಎದುರುತ್ತರವೇ ಇಲ್ಲ.