ಇಟ್ಟಿಗೆ ಮಾಳಿಗೆಯ ಮೇಲೆ ಮಲಗಿದ ಗೊಂಬೆ

ಯಲಹಂಕ ಉಪನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಟ್ಟೂರಿನ ರಾಗಿ ಹೊಲ ನಮ್ಮ ಬೀದಿಯ ಕೊನೆಯವರೆಗೂ ಬಂದು ನಿಲ್ಲುತ್ತಿತ್ತು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಬಾಗಲಕೋಟೆ ಕಡೆಯ ಹಳ್ಳಿಯಿಂದ ನಾವು ಇಲ್ಲಿಗೆ ಬಂದಿದ್ದೆವು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಅಪ್ಪನಿಗೆ ಮಾತಿಗೆ ಜನ ಸಿಗುತ್ತಿದ್ದರು, ನನಗೆ ಶಾಲೆಯಿತ್ತು. ಅವ್ವನಿಗೆ ಯಾರೂ ಇರಲಿಲ್ಲ. ಅಂಗಡಿಯಲ್ಲಿ ಅವಳ ಮಾತು ಕೇಳಿ ಯಾರೋ ನಕ್ಕಿದ್ದರಂತೆ. ಅಂದಿನಿಂದ ಸಾಮಾನು ತರುವ ಕೆಲಸ ನನ್ನ ಪಾಲಿಗೆ ಬಂತು.

ನಾವು ಬಂದ ವರ್ಷದ ದಸರಾದಲ್ಲಿ ಬೀದಿಯ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಬಾಗಿಲಿಗೆ ಬಂದು, "ಆಂಟಿ, ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳಿದವು. ಅವ್ವನಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, "ನಮ್ಮಲ್ಲಿ ಆ ಪದ್ಧತಿ ಇಲ್ಲವ್ವಾ" ಎಂದಳು. ಮಕ್ಕಳು ಮುಂದಿನ ಮನೆಗೆ ಓಡಿದವು. ತಿಂಡಿಯಾದರೂ ಕೊಟ್ಟು ಕಳಿಸಬಹುದಿತ್ತಲ್ಲ ಎಂದು ಅವ್ವ ಇಡೀ ಹಬ್ಬ ಪೇಚಾಡಿಕೊಂಡಳು. ಮರುವರ್ಷ ನಾಲ್ಕು ಗೊಂಬೆ ಕೊಂಡು ನಾವೂ ಕೂರಿಸೋಣ ಎಂದು ನಾನು ಹಟ ಹಿಡಿದೆ. ಆದರೆ ಇಲ್ಲಿಯವರ ಲೆಕ್ಕವೇ ಬೇರೆ. ಮೇಲಿನ ಮೆಟ್ಟಿಲಲ್ಲಿ ರಾಜ-ರಾಣಿಯ ಪಟ್ಟದ ಗೊಂಬೆಗಳು ಇರಲೇಬೇಕು, ಅವು ಮದುವೆಯಲ್ಲಿ ತವರಿನಿಂದ ಬಂದಿರಬೇಕು. ಅವ್ವನ ತವರಿನವರು ಕೊಟ್ಟಿದ್ದು ಹಿತ್ತಾಳೆ ಕೊಡ ಮತ್ತು ಹೊದೆಯುವ ಕೌದಿ.

"ಕೊಡಾನ ಕುಂದರಸೂನು ತಗೋ" ಎಂದು ಅವ್ವ ನಕ್ಕಳು. ಅದು ಮನಸಾರೆ ಬಂದ ನಗು ಅಲ್ಲ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಆಗ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಆದರೆ ಅಂದು ಬಂದ ಸಿಟ್ಟು ಇಡೀ ಬೀದಿಯ ಮೇಲೆ.

ನನ್ನ ಹತ್ತಿರ ಇದ್ದದ್ದು ಒಂದು ಡಬ್ಬಿ ಪ್ಲಾಸ್ಟಿಕ್ ಇಟ್ಟಿಗೆ. ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ಮಾವ ತಂದುಕೊಟ್ಟಿದ್ದು. ಕೆಂಪು, ಬಿಳಿ ಇಟ್ಟಿಗೆಗಳು, ಹಸಿರು ಕಿಟಕಿಗಳು, ಇಳಿಜಾರು ಛಾವಣಿಗೆಂದೇ ಬೇರೆ ತುಂಡುಗಳು. ಒಂದಕ್ಕೊಂದು ಎಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತಿದ್ದವೆಂದರೆ ಬಿಡಿಸಲು ನಾನೂ ಕಚ್ಚಬೇಕಾಗುತ್ತಿತ್ತು. ಅರ್ಧದಷ್ಟು ಇಟ್ಟಿಗೆಗಳ ಮೇಲೆ ನನ್ನ ಹಲ್ಲಿನ ಗುರುತಿತ್ತು. ಹಬ್ಬದ ಮೊದಲ ದಿನ ಮಧ್ಯಾಹ್ನ ಪಡಸಾಲೆಯ ನೆಲದ ಮೇಲೆ ಡಬ್ಬಿ ಸುರುವಿಕೊಂಡು, ಗೊಂಬೆ ಇಲ್ಲದಿದ್ದರೆ ಅಷ್ಟೇ ಹೋಯಿತು ಎಂದು ಅವ್ವನ ಹಳ್ಳಿಯ ಮನೆ ಕಟ್ಟಲು ಕುಳಿತೆ. ನಾನು ಅಲ್ಲಿದ್ದದ್ದು ತೀರ ಚಿಕ್ಕವಳಿದ್ದಾಗ. ನೆನಪಿಗಿಂತ ಅಂದಾಜೇ ಹೆಚ್ಚು. ನಾಲ್ಕು ಗೋಡೆ ಎಬ್ಬಿಸಿ, ಕಿಟಕಿ ಕೂರಿಸಿ, ಕೆಂಪು ಇಳಿಜಾರು ಛಾವಣಿ ಹೊದಿಸಿ, ಮನೆಯ ಹಿಂದೆ ದನದ ಕೊಟ್ಟಿಗೆ ಮಾಡಿದೆ. ಹುಣಸೆ ಬೀಜಗಳೇ ದನ.

ಅಕ್ಕಿ ಆರಿಸುತ್ತಿದ್ದ ಅವ್ವ ಮರ ಬದಿಗಿಟ್ಟಳು.

"ಇದು ಯಾರ ಮನಿ?"

"ನಿಂದು."

"ನಮ್ಮ ಮನಿಗೆ ಇಂಥಾ ಛಾವಣಿ ಎಲ್ಲಿತ್ತಬೇ? ಮ್ಯಾಲೆ ಮಣ್ಣಿನ ಮಾಳಿಗಿ. ದನಾ ಹಿಂದ್ಯಾಕ ಕಟ್ಟೀದಿ? ದನಾ ಮುಂದ, ನಾವು ಹಿಂದ."

ಅಷ್ಟು ಹೇಳಿ ಸುಮ್ಮನಾಗುತ್ತಾಳೆ ಅಂದುಕೊಂಡೆ. ಅವಳು ನೆಲಕ್ಕೆ ಕುಳಿತು ನನ್ನ ಛಾವಣಿಯನ್ನು ಕಿತ್ತು ಪಕ್ಕಕ್ಕಿಟ್ಟಳು. ಗೋಡೆಯ ಮೇಲೆ ಅಂಗೈ ಅಗಲದ ಮಾಳಿಗೆಯನ್ನು ಸಮನಾಗಿ ಹಾಸಿದಳು. ನಡುವೆ ಒಂದು ಇಟ್ಟಿಗೆ ಬಿಟ್ಟು, "ಇದು ಬೆಳಕಿಂಡಿ. ಹೊಗಿ ಹ್ವಾರಗ ಹೋಗಾಕ" ಎಂದಳು. ಬಾಗಿಲಿನ ಎರಡೂ ಕಡೆ ಕಟ್ಟೆ ಬಂತು. ಹುಣಸೆ ಬೀಜಗಳು ತಲೆಬಾಗಿಲಲ್ಲೇ ಸಾಲಾಗಿ ನಿಂತವು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತಿದ್ದುದು, ಇವಳು ಹೊರಳಿ ಕೆಳಗೆ ಬೀಳದಿರಲೆಂದು ಅಜ್ಜಿ ಇವಳ ಲಂಗವನ್ನು ತನ್ನ ಸೀರೆಯ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದುದು, ಎಲ್ಲ ಹೇಳಿದಳು. ಯಲಹಂಕಕ್ಕೆ ಬಂದ ಮೇಲೆ ಅವ್ವ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ನಾನು ಕಟ್ಟಿದ್ದನ್ನು ಕಿತ್ತಳು ಎಂದು ಜಗಳ ತೆಗೆಯುವುದೂ ಮರೆತುಹೋಯಿತು.

ಸಂಜೆ ಬಾಗಿಲಲ್ಲಿ ಅದೇ ಗದ್ದಲ. "ಗೊಂಬೆ ಕೂರ್ಸಿದ್ದೀರಾ ಆಂಟಿ?" ಈ ಸಲವೂ ಮಕ್ಕಳು ಹಾಗೇ ಹೋದರೆ ಅವ್ವ ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ಗೊತ್ತಿತ್ತು. ಅವ್ವನ ಕೈಯಲ್ಲಿ ಇನ್ನೂ ಒಂದು ಇಟ್ಟಿಗೆಯಿತ್ತು.

"ಹೂಂ, ಕುಂದರಿಸೀವಿ. ಬರ್ರಿ ಒಳಗ."

ಮಕ್ಕಳು ಇಟ್ಟಿಗೆ ಮನೆಯ ಸುತ್ತ ಕುಕ್ಕರುಗಾಲಲ್ಲಿ ಕುಳಿತವು. ಪಕ್ಕದ ಮನೆಯ ಹುಡುಗಿ ಅತ್ತಿತ್ತ ಬಗ್ಗಿ ನೋಡಿ, "ಎಲ್ಲಾಂಟಿ ಗೊಂಬೆ?" ಎಂದಳು.

"ಒಳಗ ಅದಾವವಾ. ನಮ್ಮೂರ ಬಿಸಲಾಗ ಯಾರು ಹ್ವಾರಗ ಬರ್ತಾರ?"

ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಬೆಳಕಿಂಡಿಯಲ್ಲಿ ಇಣುಕಿದವು. ಒಬ್ಬ ತನಗೆ ಕಂಡಿತು ಎಂದೇ ಹೇಳಿದ. ಅವ್ವ ಎಲ್ಲರಿಗೂ ಒಗ್ಗರಣೆ ಚುರುಮುರಿ ಕೊಟ್ಟಳು.

ಹುಡುಗಿ ಮನೆಗೆ ಹೋಗಿ ಏನು ಹೇಳಿದಳೋ, ಸ್ವಲ್ಪ ಹೊತ್ತಿಗೆ ಅವಳ ತಾಯಿಯೇ ಬಂದರು. ಮೆಟ್ಟಿಲ ತುಂಬ ಗೊಂಬೆ ಕೂರಿಸುವವರು ಅವರು. ಇಟ್ಟಿಗೆ ಮನೆಯನ್ನು ಸುತ್ತಿ ನೋಡಿ, "ಚೆನ್ನಾಗಿದೆ ಕಣ್ರೀ. ಆದ್ರೂ ಒಂದಾದ್ರೂ ಗೊಂಬೆ ಇರ್ಲಿ" ಎಂದು ಮನೆಗೆ ಹೋಗಿ ಹೆಬ್ಬೆರಳಿನಷ್ಟು ಉದ್ದದ ಮರದ ಗೊಂಬೆ ತಂದುಕೊಟ್ಟರು. ಅವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೆಗೆದುಕೊಂಡು ನೇರ ಮಾಳಿಗೆ ಮೇಲೆ ಮಲಗಿಸಿದಳು.

"ಅಯ್ಯಯ್ಯೋ, ಮಲಗಿಸ್ಬೇಡಿ! ಗೊಂಬೆ ಮಲಗಿಸಿದ್ರೆ ಹಬ್ಬ ಮುಗೀತು ಅಂತ ಅರ್ಥ!"

ವಿಜಯದಶಮಿಯ ದಿನ ಗೊಂಬೆಯನ್ನು ಮಲಗಿಸಿಯೇ ಇಲ್ಲಿ ಹಬ್ಬ ಮುಗಿಸುತ್ತಾರೆ ಎಂಬುದು ನಮಗೆಲ್ಲಿ ಗೊತ್ತು? ಗೊಂಬೆ ಎತ್ತಲು ಕೈ ಚಾಚಿದ ಅವ್ವ ಅರ್ಧಕ್ಕೇ ನಿಲ್ಲಿಸಿದಳು.

"ನಮ್ಮಲ್ಲಿ ಮಾಳಿಗಿ ಮ್ಯಾಲೆ ಮಲಗಿದ್ರ ಬ್ಯಾಸಗಿ ಸುರು ಆತು ಅಂತ ಅರ್ಥರೀ ಅಕ್ಕಾರ. ಸಾಲಿ ಸೂಟಿ ಅಂತ, ಅಂದ್ರ ರಜಾ."

ಪಕ್ಕದ ಮನೆಯವರು ಬಿದ್ದು ಬಿದ್ದು ನಕ್ಕರು. ಅಂಗಡಿಯ ನಗು ಅಲ್ಲ ಅದು. ಅಲ್ಲೇ ನೆಲದ ಮೇಲೆ ಕುಳಿತು, "ಮಳೆ ಬಂದ್ರೆ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ಮನೆಯಿಂದ ಕರೆ ಬಂದರೂ ಅವರು ಏಳಲಿಲ್ಲ.

ಹಬ್ಬ ಮುಗಿಯುವವರೆಗೆ ಆ ಗೊಂಬೆ ಮಲಗಿಯೇ ಇತ್ತು. ವಿಜಯದಶಮಿಯ ಸಂಜೆ ಬೀದಿಯವರೆಲ್ಲ ತಮ್ಮ ಗೊಂಬೆಗಳನ್ನು ಮಲಗಿಸುವ ಹೊತ್ತಿಗೆ ಅವ್ವ, "ಏಳವಾ, ಬೆಳಗಾತು" ಎಂದು ಅದನ್ನು ಎಬ್ಬಿಸಿ, ಸೆರಗಿನಿಂದ ಒರೆಸಿ, ಹಿಂದಿರುಗಿಸಲು ಪಕ್ಕದ ಮನೆಗೆ ಹೋದಳು. ಇಲ್ಲಿಗೆ ಬಂದ ಮೇಲೆ ಅವಳು ಒಬ್ಬಳೇ ಬೇರೊಬ್ಬರ ಮನೆಗೆ ಹೋದದ್ದು ಅಂದೇ ಮೊದಲು. ಬೇಗ ವಾಪಸಾಗುತ್ತಾಳೆ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಬಂದಾಗ ಕತ್ತಲಾಗಿತ್ತು, ಗೊಂಬೆ ಅವಳ ಕೈಯಲ್ಲೇ ಇತ್ತು.

"ಒಲ್ಲೆ ಅಂದ್ರು" ಎಂದಳು. "ತವರುಮನೀದು ಅಂತ ತಿಳ್ಕೋರಿ ಅಂದ್ರು."